ಚಪ್ಪರದಡಿಯ ಹಾಯ್ಟ್

ನಮ್ಮ ವಾರ್ಡ್‌ಲಾ ಕಾಲೇಜಿನವರು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಕಡೆಯ ಫುಟ್‌ಬಾಲಿನಲ್ಲಿ, ಬ್ಯಾಸ್ಕಮ್ ಕಾಲೇಜಿನವರನ್ನು ಒಂದೇ ಒಂದು ಅಂಕದಿಂದ ಸೋಲಿಸಿದ ಮರುದಿನ ಭಾನುವಾರ. ಆರಾಧನೆ ಮುಗಿಸಿ ಎಲ್ಲರೂ ಚರ್ಚಿನ ಹಿಂದಿನ ಊಟದ ಮನೆಗೆ ಬಂದಿದ್ದೆವು. ಹಬ್ಬದ ಟರ್ಕಿ ಕೋಳಿ ಇನ್ನೂ ಉಳಿದಿತ್ತು, ಆದರೆ ಅದನ್ನು ಮುಟ್ಟುವವರಿರಲಿಲ್ಲ. ಎಲ್ಲರ ಬಾಯಲ್ಲೂ ಆಟದ್ದೇ ಮಾತು.

"ಆ ರೆಫರಿ ಕಣ್ಣಿಗೆ ಪೊರೆ ಬಂದಿತ್ತಾ ಅಂತ! ನಮ್ಮ ಹುಡುಗ ಗೆರೆ ಒಳಗೇ ಹಿಡ್ದ ಕಣ್ರೀ."

"ಪೊರೆ ಅಲ್ಲಪ್ಪಾ, ಅವನ ಹೆಂಡ್ತಿ ಬ್ಯಾಸ್ಕಮ್‌ನಲ್ಲಿ ಓದಿರ್ಬೇಕು."

"ಬಿಡಿ, ಇನ್ನೊಂದು ವರ್ಷ ಅವರು ಪೆಟ್ರೋಲ್ ಬಂಕಿಗೂ ತಲೆ ತಗ್ಗಿಸ್ಕೊಂಡೇ ಬರ್ಬೇಕು."

ಅಷ್ಟರಲ್ಲಿ ರಾಯ್ಸ್ ತಟ್ಟೆಯಲ್ಲಿ ಒಂದು ಹುರಿದ ಕೋಳಿಕಾಲನ್ನು ಇಟ್ಟುಕೊಂಡು ಬಂದ. ಸತ್ತುಹೋದ ತನ್ನ ಅಕ್ಕನ ಗಂಡ ಹಾಯ್ಟ್‌ನ ಮುಂದೆ ಅದನ್ನಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ತಗೊಳ್ಳಿ ಭಾವ. ನಿನ್ನೆ ಗೆಲ್ಸಿದ್ದು ನೀವೇ. ಚಪ್ಪರದಡಿ ಕಂಬದ ಥರ ನಿಂತ್ರಲ್ಲ, ಅದಕ್ಕೇ ಗೆದ್ವಿ."

ಎಲ್ಲರೂ ನಕ್ಕರು. ಹಾಯ್ಟ್ ನಗಲಿಲ್ಲ. ನನಗೆ ಮೈ ಉರಿಯಿತು.

ಹಾಯ್ಟ್ ನನ್ನ ಪಕ್ಕದ ಮನೆಯವನು. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುತ್ತಲೇ ಮುದುಕನಾದವನು. ಅವನ ಕೈಯ ಗೆರೆಗಳಲ್ಲಿ ಕೂತ ಗ್ರೀಸು ಈಗಲೂ ಹೋಗಿಲ್ಲ. ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳುವಾಗ ಆ ಬೆರಳುಗಳನ್ನು ನಾಚಿಕೆಯಿಂದ ಮಡಚಿಕೊಳ್ಳುತ್ತಾನೆ. ಅವನೇನು ವಾರ್ಡ್‌ಲಾದಲ್ಲಿ ಓದಿದವನಲ್ಲ. ಅಲಬಾಮಾದ ಈ ನಮ್ಮ ಊರಿನಲ್ಲಿ ಅಲ್ಲಿ ಓದಿದವರು ಕಡಿಮೆ, ಅದಕ್ಕಾಗಿ ಪ್ರಾಣ ಬಿಡುವವರು ಎಲ್ಲರೂ.

ಬಹಳ ಹಿಂದೆ, ಇದೇ ಬ್ಯಾಸ್ಕಮ್ ಪಂದ್ಯದ ದಿನ, ಅವನು ಕಾರು ನಿಲ್ಲಿಸುವ ಚಪ್ಪರದಡಿ ಹುಲ್ಲು ಕತ್ತರಿಸುವ ಯಂತ್ರವನ್ನು ಬಿಚ್ಚಿಕೊಂಡು ಕೂತಿದ್ದ. ಒಳಗೆ ಟೀವಿಯಲ್ಲಿ ನಮ್ಮವರು ಗೆಲ್ಲುತ್ತಿದ್ದರು. ನೀರು ಕುಡಿಯಲು ಹಾಯ್ಟ್ ಒಳಗೆ ಬಂದ, ಅದೇ ಗಳಿಗೆಗೆ ನಮ್ಮ ಹುಡುಗನ ಕೈಯಿಂದ ಚೆಂಡು ಜಾರಿತು. ಅವನ ಹೆಂಡತಿ ವರ್ಲೀನ್, "ಹೋಗ್ರೀ ಆಚೆ, ನಿಮ್ಮ ಕಾಲ್ಗುಣವೇ!" ಎಂದು ನಗುತ್ತಾ ತಳ್ಳಿದಳು. ಅವನೂ ನಗುತ್ತಲೇ ಹೋದ. ಚೆಂಡು ನಮ್ಮವರಿಗೆ ಮರಳಿ ಸಿಕ್ಕಿತು.

ಅದು ಅಲ್ಲಿಗೆ ಮುಗಿಯಬೇಕಾಗಿತ್ತು. ನಮ್ಮ ಕಡೆ ಇಂಥದ್ದು ಮುಗಿಯುವುದಿಲ್ಲ. ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಚಳಿಗಾಲ ಕಳೆಯುವ ತನಕ ಒಗೆಯದವರು ಇಲ್ಲಿದ್ದಾರೆ. ವರ್ಲೀನ್ ತೀರಿಕೊಂಡ ಮೇಲೆ ಅವಳ ತಮಾಷೆಯನ್ನು ರಾಯ್ಸ್ ಕಾನೂನು ಮಾಡಿದ. ಪ್ರತಿ ಪಂದ್ಯಕ್ಕೂ ಹಾಯ್ಟ್‌ನ ಮನೆಗೆ ಬಂದು, ಹಾಯ್ಟ್‌ನ ಕುರ್ಚಿಯಲ್ಲಿ ಕೂತು, ಆಟ ಬಿಗಿಯಾದಾಗ ಮನೆಯ ಯಜಮಾನನನ್ನೇ ಆಚೆ ಕಳಿಸುವುದು. ಸೋತರೆ, "ಬಾಗಿಲ ಸಂದಿಯಿಂದ ಇಣುಕಿದ್ರೇನೋ ಭಾವ" ಎನ್ನುವುದು.

ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಕೆಲವು ವರ್ಷಗಳಿಂದ ವಾರ್ಡ್‌ಲಾ ತಂಡದಲ್ಲಿ ಹಾಯ್ಟ್‌ನ ಮೊಮ್ಮಗ, ಮಗಳು ಡಾರ್ಲಾಳ ಮಗ ಟಕರ್ ಆಡುತ್ತಿದ್ದ. ಬಗ್ಗಿ ನಿಂತು ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವುದು ಅವನ ಕೆಲಸ. ಅದನ್ನು ಒಬ್ಬ ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಇನ್ನೊಬ್ಬ ಒದೆಯುತ್ತಾನೆ. ಒದ್ದವನ ಹೆಸರು ಮಕ್ಕಳಿಗೂ ಗೊತ್ತು, ಎಸೆದವನ ಹೆಸರು ತಪ್ಪಾದ ದಿನ ಮಾತ್ರ ಗೊತ್ತಾಗುತ್ತದೆ. ಈ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಹಾಯ್ಟ್. ಹಿತ್ತಲಿನ ಪೀಕನ್ ಮರಕ್ಕೆ ಬಸ್ಸಿನ ಹಳೆಯ ಟೈರು ಕಟ್ಟಿ, ಅದರೊಳಗೆ ತೂರಿ ಬಂದ ಚೆಂಡನ್ನು ಮಂಡಿಯೂರಿ ಹಿಡಿಯುತ್ತಿದ್ದ. ನನ್ನ ಅಡುಗೆಮನೆಗೆ ಆ ಸದ್ದು ಸಂಜೆಯೆಲ್ಲ ಕೇಳುತ್ತಿತ್ತು.

ಬ್ಯಾಸ್ಕಮ್ ಪಂದ್ಯದ ಆ ಶನಿವಾರ ನಾನು ಚರ್ಚಿನ ಊಟಕ್ಕೆಂದು ಗೆಣಸು ಸುಲಿಯುತ್ತಿದ್ದೆ, ಟೀವಿ ತನ್ನ ಪಾಡಿಗೆ ತಾನು ಕೂಗುತ್ತಿತ್ತು. ಆಟ ಮುಗಿಯಲು ಬಂದಿತ್ತು, ನಮ್ಮವರು ಎರಡು ಅಂಕ ಹಿಂದಿದ್ದರು. ಬಾಗಿಲು ತಟ್ಟಿದ ಸದ್ದಾಯಿತು. ಹಾಯ್ಟ್ ನಿಂತಿದ್ದ.

"ನೆಲ್ಡಾ, ಟೀವಿ ಹಾಕಿದ್ದೀಯಾ? ನನ್ನ ಆಚೆ ಹಾಕಿದ್ರು. ಟಕರ್ ಬರೋ ಹೊತ್ತು."

"ಬಾ, ಕೂತ್ಕೋ" ಎಂದೆ. ಕೂರಲಿಲ್ಲ. ಟೋಪಿ ತೆಗೆದು ಎದೆಗಿಟ್ಟುಕೊಂಡು, ಚಾಪೆಯ ಮೇಲೆ ನಿಂತೇ ನೋಡಿದ. ಟಕರ್ ಬಗ್ಗಿದ. ಚೆಂಡು ನೂಲು ಹಿಡಿದಂತೆ ನೇರ ಹೋಯಿತು. ಒದೆತ ಬಿತ್ತು, ಕಂಬಗಳ ನಡುವೆ ದಾಟಿತು, ಮೂರು ಅಂಕ ಬಂತು. ಟೀವಿಯವನು ಒದ್ದವನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ. ಪಕ್ಕದ ಮನೆಯಿಂದ ರಾಯ್ಸ್‌ನ ಅರಚಾಟ ಕೇಳಿಸಿತು.

"ನೋಡಿದ್ಯಾ? ಚೆಂಡಿನ ಹೊಲಿಗೆ ಆಚೆ ಕಡೆಗೇ ಹೋಗಿ ಕೂತ್ಕೊಳ್ತು. ಒದೆಯೋನ ಕಾಲಿಗೆ ಅದು ತಾಗ್ಲೇ ಇಲ್ಲ. ಎಸೆತ ಸರಿ ಇದ್ರೇನೇ ಹಾಗಾಗೋದು" ಎಂದ ಹಾಯ್ಟ್. ಟೋಪಿಯಿಂದ ಕಣ್ಣೊರೆಸಿಕೊಂಡ. "ರಾಯ್ಸ್‌ಗೆ ಹೇಳ್ಬೇಡ, ನೆಲ್ಡಾ. ಕದ್ದು ನೋಡ್ದೆ ಅಂತ ಮುನಿಸ್ಕೊಂಡಾನು. ಟಕರ್ ಓದು ಮುಗೀತಲ್ಲ, ಟ್ಯಾಂಪಾ ಊರಲ್ಲಿ ಅವನ ಕಡೇ ಆಟ ಇದೆ. ಅಲ್ಲಿಗೆ ನನ್ನ ಕರ್ಕೊಂಡು ಹೋಗ್ಲಿ, ಅಷ್ಟೇ ಸಾಕು."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಭಾನುವಾರ, ಕೋಳಿಕಾಲನ್ನು ಅವನ ಮುಂದಿಟ್ಟ ರಾಯ್ಸ್ ಸುಮ್ಮನಾಗಲಿಲ್ಲ. "ಟ್ಯಾಂಪಾ ಆಟದ ದಿನಾನೂ ಚಪ್ಪರ ಬಿಟ್ಟು ಕದಲ್ಬೇಡಿ ಭಾವ. ಮನೆಯೋರಿಗೆ ಅಂತ ಟಕರ್ ಎರಡು ಪಾಸ್ ಕಳ್ಸಿದ್ದಾನೆ. ನಾನೂ ಡಾರ್ಲಾನೂ ಹೋಗ್ಬರ್ತೀವಿ."

ಹಾಯ್ಟ್‌ನ ಮುಖ ಬಿಳಿಚಿತು. "ಅದು ಅವನ ಕಡೇ ಆಟ ಕಣೋ."

"ಅದಕ್ಕೇ ಹೇಳಿದ್ದು! ಕಡೇ ಆಟದಲ್ಲಿ ಮೊಮ್ಮಗ ಸೋಲ್ಲಿ ಅಂತೀರಾ? ನಿನ್ನೆ ಕಣ್ಣಾರೆ ಕಂಡ್ವಲ್ಲ. ಬೇಕಾದ್ರೆ ನೆಲ್ಡಕ್ಕನ್ನೇ ಕೇಳಿ, ಅವರ ಕಿಟಕಿಗೆ ಕಾಣುತ್ತೆ. ನೆಲ್ಡಕ್ಕಾ, ಭಾವ ಚಪ್ಪರದಡೀನೇ ಇದ್ರು ತಾನೆ?"

ಹಾಯ್ಟ್ ನನ್ನತ್ತ ನೋಡಿದ. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು. ಆದರೆ ದೇವರ ಮನೆಯಲ್ಲಿ ಕೂತು ಸುಳ್ಳಾಡುವುದು ಹೇಗೆ? ಆ ಸುಳ್ಳು ಅವನನ್ನು ಟ್ಯಾಂಪಾಕ್ಕೆ ಕಳಿಸುತ್ತಲೂ ಇರಲಿಲ್ಲ.

"ಇಲ್ಲ. ನಮ್ಮನೇಲಿದ್ದ. ಕಡೇ ಒದೆತಾನ ಕಣ್ಣು ಮಿಟುಕಿಸ್ದೆ ನೋಡ್ದ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಎಲ್ಲಾ ದೇವರ ಕೈಲಿದೆ ಅಂತ ಈಗ ತಾನೆ ಒಳಗೆ ಕಣ್ಮುಚ್ಕೊಂಡು ಪ್ರಾರ್ಥನೆ ಮಾಡಿದ್ರಿ. ಕೋಳಿ ತಿನ್ನೋಷ್ಟರಲ್ಲಿ ಎಲ್ಲಾ ಮುದುಕನ ಕಾಲ್ಗುಣ ಆಗೋಯ್ತಾ? ಕಾಗೆ ಕೂತಿದ್ದಕ್ಕೆ ಕೊಂಬೆ ಮುರೀತು ಅಂತ ಇನ್ನೂ ಎಷ್ಟು ವರ್ಷ ಆ ಕಾಗೇನ ಹೊಡೀತೀರಾ?"

ರಾಯ್ಸ್ ತಲೆ ಕೆರೆದುಕೊಂಡ. ನಾಚಿಕೊಂಡನೆಂದು ಒಂದು ಗಳಿಗೆ ನಂಬಿದೆ. ಅವನು ಲೆಕ್ಕ ಹಾಕುತ್ತಿದ್ದ.

"ಹಾಗಾದ್ರೆ ಚಪ್ಪರ ಅಲ್ಲ! ನೆಲ್ಡಕ್ಕನ ಮನೆ!" ಎಂದು ಮೇಜು ಗುದ್ದಿದ. "ಇಷ್ಟು ದಿನ ನಾವೇ ತಪ್ಪು ಜಾಗಕ್ಕೆ ಕಳಿಸ್ತಿದ್ವಿ. ಭಾವ, ಟ್ಯಾಂಪಾ ದಿನ ನೀವು ಅದೇ ಚಾಪೆ ಮೇಲೆ ನಿಂತ್ಕೊಳ್ಳಿ. ಕೂರೋ ಹಾಗಿಲ್ಲ. ನೆಲ್ಡಕ್ಕಾ, ನೀವೂ ಗೆಣಸೇ ಸುಲೀಬೇಕು."

ಮೇಜಿನಾಚೆಯಿಂದ ಒಬ್ಬರು ಗಂಭೀರವಾಗಿ ತಲೆಯಾಡಿಸಿದರು. ಆಗ ಹಾಯ್ಟ್ ಎದ್ದು ನಿಂತ. ಅವನು ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ವರ್ಲೀನ್ ನನ್ನ ಆಚೆ ಕಳ್ಸ್ತಿದ್ದಿದ್ದು ನಿಜ. ಎರಡೇ ನಿಮಿಷಕ್ಕೆ ತಾನೇ ಬಂದು ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತಿದ್ಲು. ನೀವು ಕಳ್ಸೋದು ಮಾತ್ರ ಕಲ್ತ್ರಿ. ಒಬ್ರಾದ್ರೂ, ಒಂದು ಸಲಾನಾದ್ರೂ, ಕರೆಯೋಕೆ ಬಂದ್ರೇನ್ರೋ?"

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಡಾರ್ಲಾ ಎದ್ದು ಬಂದು ಅಪ್ಪನ ಪಕ್ಕ ನಿಂತಳು.

"ಮಾವ, ಒಂದು ಮಾತು. ಅಪ್ಪ ಆಚೆ ಇದ್ದಾಗ್ಲೂ ನಾವು ಸೋತಿದ್ದೀವಲ್ಲ, ಆಗೆಲ್ಲ ಅಪ್ಪನ ಕುರ್ಚೀಲಿ ಕೂತಿದ್ದೋರು ಯಾರು?"

ಈ ಸಲದ ನಗು ರಾಯ್ಸ್‌ನ ಕಡೆ ತಿರುಗಿತು.

"ನಿಮ್ಮ ಪಾಸ್ ಅಪ್ಪಂಗೆ" ಎಂದಳು ಡಾರ್ಲಾ. "ಚಪ್ಪರ ಖಾಲಿ ಇರುತ್ತೆ ಮಾವ, ನೀವು ನಿಂತ್ಕೊಳ್ಳಿ."

ಟ್ಯಾಂಪಾದಲ್ಲಿ ನಮ್ಮವರು ಸೋತರು. ಸಣ್ಣ ಸೋಲೂ ಅಲ್ಲ, ನೋಡಲಾಗದ ಸೋಲು. ಹಾಯ್ಟ್ ಮತ್ತು ಡಾರ್ಲಾ ಮರಳಿ ಬರುವ ಹೊತ್ತಿಗೆ ರಾಯ್ಸ್ ಆ ಚಪ್ಪರದಡಿಯೇ ಕಾಯುತ್ತಿದ್ದ. ಕಾರು ನಿಲ್ಲುವ ಮೊದಲೇ, "ನಾನು ಹೇಳ್ಲಿಲ್ವಾ! ಹೇಳ್ಲಿಲ್ವಾ!" ಎಂದು ಶುರುಮಾಡಿದ. ನಾನು ಗೇಟಿನ ಬಳಿ ನಿಂತಿದ್ದೆ. ಇಷ್ಟು ವರ್ಷ ಹಾಯ್ಟ್‌ನನ್ನು ಒಳಗೆ ಕರೆಯದೆ ಇದ್ದವಳು ನಾನೂ ಹೌದು, ಆದರೂ ಅಂದು ರಾಯ್ಸ್‌ಗೆ ಒಂದಿಷ್ಟು ಅನ್ನಲೇಬೇಕೆಂದು ಹೋಗಿದ್ದೆ.

ಅದಕ್ಕೆ ಅವಕಾಶವೇ ಬರಲಿಲ್ಲ. ಹಾಯ್ಟ್ ಕಾರಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡ.

"ಹೌದು ಕಣೋ, ಸೋತ್ವಿ. ನಾನು ನೋಡ್ದೆ" ಎಂದ. "ಟಕರ್ ಎಸೆದ ಒಂದೊಂದು ಚೆಂಡೂ ನೋಡ್ದೆ. ಎಲ್ಲಾದ್ರ ಹೊಲಿಗೆನೂ ಆಚೆ ಕಡೆಗೇ ಇತ್ತು."

ರಾಯ್ಸ್‌ನನ್ನು ಬಳಸಿಕೊಂಡು ಒಳಗೆ ಹೋಗಿ, ತನ್ನ ಕುರ್ಚಿಯಲ್ಲಿ ಕೂತ.