ಮಹಡಿ ಕೋಣೆಯ ಗೊಂಬೆ ಮೇಡಂ

ಗೊಂಬೆ ಮೇಡಂ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದಾಗ ನಾನು ಚನ್ನಪಟ್ಟಣದಲ್ಲಿ ಹೈಸ್ಕೂಲು ಓದುತ್ತಿದ್ದೆ. ಅವರು ವರ್ಷದಲ್ಲಿ ಅರ್ಧ ಕಾಲ ಹಿಮ ಬೀಳುವ ಒಂದು ದೂರದ ದೇಶದವರು. ಆ ದೇಶಕ್ಕೂ ನಮ್ಮ ದೇಶಕ್ಕೂ ಆಗ ಒಳ್ಳೆಯ ಸ್ನೇಹವಿತ್ತು. ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದಂತೆ, ನಮ್ಮೂರಿನ ಅರಗಿನ ಗೊಂಬೆಗಳಿಗೆ ಹೊಸ ಮಾದರಿಗಳನ್ನು ಹೇಳಿಕೊಡಲು ಅವರನ್ನು ಕಳಿಸಿದ್ದರು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜಗಳವಾಡಿ ಈಗಷ್ಟೇ ಮಾತು ಶುರುಮಾಡಿರುವ ಎರಡು ಮನೆಗಳ ನಡುವೆ ಹಳೆಯದನ್ನು ಕೆದಕುವುದು ನನಗೆ ಬೇಡ.

ಅವ್ವ ಮದುವೆಯಾಗಿ ಬಂದ ಮೇಲೆ ಲೇತ್ ಕೆಲಸ ಕಲಿತವಳು. ಅಪ್ಪ ಕನಕಪುರದ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಾಗುವ ಮೊದಲೇ ಅವನು ಹೊರಟುಹೋದರೆ ಅವ್ವ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಮುಂದೆ ಕೂರುತ್ತಿದ್ದಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬರುವ ಬಿಸಿ ವಾಸನೆ, ಆಮೇಲೆ ತಾಳೆಗರಿಯಿಂದ ಉಜ್ಜಿದಾಗ ಬಣ್ಣ ಇದ್ದಕ್ಕಿದ್ದಂತೆ ಮಿಂಚುವುದು, ಇವೇ ನನ್ನ ಬಾಲ್ಯದ ಬೆಳಗುಗಳು.

ಮೇಡಂ ಹಗಲೆಲ್ಲ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿ, ಸಂಜೆ ಬಂದು ಅವ್ವನ ಪಕ್ಕ ಕೂರುತ್ತಿದ್ದರು. ಕೇಂದ್ರದಲ್ಲಿ ಇಂಗ್ಲಿಷಿಗೆ ಜನ ಇದ್ದರು, ಅವ್ವನ ಹತ್ತಿರ ಕನ್ನಡ ಬಿಟ್ಟು ಬೇರೇನೂ ನಡೆಯುತ್ತಿರಲಿಲ್ಲ. ಹಾಗಾಗಿ ಮೇಡಂ ಕನ್ನಡ ಕಲಿತರು. ಪುಸ್ತಕದಿಂದಲ್ಲ, ಅವ್ವನ ಬಾಯಿಂದ. ಮೊದಲು ಕಲಿತ ಮಾತು ‘ಅಕ್ಕ’. ಎರಡನೆಯದು ‘ಒಸಿ’. ಒಸಿ ನೀರು, ಒಸಿ ಉಪ್ಪು, ಒಸಿ ತಡಿ. ಮುದ್ದೆಯನ್ನು ಅಗಿದು ಅಗಿದು ದವಡೆ ನೋವು ಮಾಡಿಕೊಂಡು ಕೂತವರನ್ನು ನೋಡಿ ಅವ್ವ, “ಅಗೀಬ್ಯಾಡ ಕಣಮ್ಮಿ, ನುಂಗು! ಗಂಟ್ಲೊಳಕ್ಕೆ ಬುಡು!” ಎಂದು ತನ್ನ ಗಂಟಲನ್ನೇ ಮುಟ್ಟಿ ತೋರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಡಂ ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಚಪ್ಪಾಳೆ ತಟ್ಟಿದ್ದು ನಾವಲ್ಲ, ಅವರೇ.

ಬೀದಿಯವರೆಲ್ಲ ಅವರನ್ನು ಗೊಂಬೆ ಮೇಡಂ ಎನ್ನುತ್ತಿದ್ದರು. ನಮ್ಮ ಅವ್ವನಿಗೆ ಮಾತ್ರ ಅವರು ‘ಅಮ್ಮಿ’. ತನಗಿಂತ ಚಿಕ್ಕವರನ್ನು ನಮ್ಮ ಕಡೆ ಹೆಂಗಸರು ಕರೆಯುವ ಹಾಗೆ. ಅವ್ವನಿಗೆ ಅಣ್ಣಂದಿರೇ ಇದ್ದದ್ದು, ತಂಗಿ ಇರಲಿಲ್ಲ. ಲೇತಿನ ಸದ್ದಿನ ನಡುವೆ ಇಬ್ಬರೂ ಗಂಟಲೆತ್ತಿ ಮಾತಾಡುತ್ತಿದ್ದರು. ಗಂಡಂದಿರ ಬಗ್ಗೆ, ಅತ್ತೆಯರ ಬಗ್ಗೆ, ಮೊಣಕಾಲು ನೋವಿನ ಬಗ್ಗೆ. ಮೇಡಂ ಗಂಡನನ್ನು ಬಿಟ್ಟವರೆಂದು ನಮ್ಮ ಬೀದಿಗೆಲ್ಲ ಗೊತ್ತಾದದ್ದು ಹಾಗೆ ಗಂಟಲೆತ್ತಿ ಮಾತಾಡಿದ್ದರಿಂದಲೇ.

ಒಂದು ದಿನ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಅವ್ವ ಸೋಲೂರಿನ ತವರಿಗೆ ಹೋದಳು. ಅವಳು ಹೋದ ಮಾರನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಎರಡು ದೇಶಗಳಿಗೂ ಯಾವುದೋ ವಿಷಯಕ್ಕೆ ಮನಸ್ತಾಪವಾಗಿ ರಾಯಭಾರಿಗಳನ್ನು ವಾಪಸು ಕರೆಸಿಕೊಂಡಿದ್ದರು. ದೆಹಲಿಯಲ್ಲಿ ನಡೆದದ್ದು ನಮ್ಮ ಬೀದಿಗೆ ಬರಲಾರದು ಎಂದುಕೊಂಡಿದ್ದೆವು. ಆದರೆ ಮಧ್ಯಾಹ್ನದ ಹೊತ್ತಿಗೆ ಬಿಳಿ ಕಾರೊಂದು ಬಂದು ಮನೆಯ ಮುಂದೆ ನಿಂತಿತು. ನಾನು ಸ್ಕೂಲಿನಿಂದ ಬಂದಾಗ ಮಹಡಿ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅವತ್ತು ರಜೆಯಲ್ಲಿದ್ದ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ.

“ಹೊಂಟೋದ್ಲು ಕಣಮ್ಮ. ಕರ್ಕೊಂಡು ಹೋಗ್ಬುಟ್ರು,” ಎಂದ.

ಅವ್ವ ವಾಪಸು ಬಂದು ವಿಷಯ ಕೇಳಿದವಳು ಅಳಲಿಲ್ಲ. “ಯೋಳ್ದೆ ಹೋದ್ಲಾ?” ಎಂದು ಮಾತ್ರ ಕೇಳಿದಳು. ಅಪ್ಪ ಏನೋ ಸಮಜಾಯಿಷಿ ಹೇಳಹೋದ. ಅವ್ವ ಅಷ್ಟರಲ್ಲಿ ಶೆಡ್ಡಿಗೆ ಹೋಗಿ ಲೇತ್ ಹಾಕಿಕೊಂಡಿದ್ದಳು.

ಅಲ್ಲಿಂದ ಮುಂದೆ ವ್ಯಾಪಾರವೂ ನಿಂತಿತು. ಆ ದೇಶಕ್ಕೆಂದು ಮಾಡಿದ ಬಣ್ಣದ ಬಾತುಕೋಳಿಗಳು, ರೈಲುಬಂಡಿಗಳು ಬೀದಿಯ ಮನೆಮನೆಗಳಲ್ಲಿ ಉಳಿದುಹೋದವು. ಎದುರು ಮನೆಯ ಸಾಬರು ತಮ್ಮ ಗೊಂಬೆ ಕಾರ್ಖಾನೆಯಲ್ಲಿ ಪರದೆಯ ಉಂಗುರ ಮಾಡತೊಡಗಿದರು. ಅವ್ವ ಮಣಿ ಮಾಡಿದಳು, ಬಳೆ ಮಾಡಿದಳು. ನಾನು ಓದು ಮುಗಿಸಿ ಕನಕಪುರದ ಒಂದು ಶಾಲೆಯಲ್ಲಿ ಟೀಚರಾದೆ, ಮದುವೆಯಾದೆ. ಅಪ್ಪ ತೀರಿಕೊಂಡ. ಮೇಡಂ ಸುದ್ದಿ ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅವ್ವ ಎದ್ದು ಹೋಗುತ್ತಿದ್ದಳು.

ಈಚೆಗೆ ಕೆಲವು ವರ್ಷಗಳ ಹಿಂದೆ ಆ ದೇಶದ ಹೆಸರು ಮತ್ತೆ ಟಿವಿಯಲ್ಲಿ ಕೇಳಿಬರತೊಡಗಿತು. ಮೊದಲು ಮಂತ್ರಿಗಳು ಬೇರೆ ಯಾವುದೋ ಊರಿನಲ್ಲಿ ಭೇಟಿಯಾಗಿ ಕೈ ಕುಲುಕಿದರು. ಆಮೇಲೆ ರಾಯಭಾರಿಗಳು ಬಂದರು, ವಿಮಾನ ಶುರುವಾಯಿತು. ಕೊನೆಗೆ ವ್ಯಾಪಾರದ ಮಾತುಕತೆಗೆ ಒಂದು ಸರ್ಕಾರಿ ನಿಯೋಗವೇ ಬರುತ್ತದೆಂದೂ, ಅವರು ಒಂದು ಬೆಳಿಗ್ಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿಕೊಂಡು ಚನ್ನಪಟ್ಟಣಕ್ಕೆ ಬರುತ್ತಾರೆಂದೂ ತಿಳಿಯಿತು. ಹಳಬರಲ್ಲಿ ಕೈ ನಡುಗದವಳು ಅವ್ವ ಒಬ್ಬಳೇ ಎಂದು ಅವರ ಮುಂದೆ ಲೇತ್ ಕೆಲಸ ತೋರಿಸಲು ಅವಳನ್ನೇ ಕರೆದರು.

ಆ ದಿನ ನಾನೂ ರಜೆ ಹಾಕಿ ಬಂದಿದ್ದೆ. ಶಾಮಿಯಾನ, ಮಾವಿನ ತೋರಣ, ಎಳನೀರಿನ ರಾಶಿ. ಜಿಲ್ಲೆಯ ಅಧಿಕಾರಿಯೊಬ್ಬರು, ಪಾಪ, ಬಿಸಿಲಿನಲ್ಲಿ ಬೆವರುತ್ತಾ ಅವ್ವನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅಜ್ಜಿ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಸ್ವಂತ ವಿಚಾರ ಏನೂ ಬೇಡ. ಎಲ್ಲಾ ಬಹಳ ನಾಜೂಕಾಗಿ ನಡೀತಾ ಇದೆ.”

“ಆಯ್ತು ಕಣಪ್ಪ,” ಎಂದಳು ಅವ್ವ.

ನಿಯೋಗದ ಮುಖ್ಯಸ್ಥೆ ಎತ್ತರದ ಹೆಂಗಸು, ತಮ್ಮ ಸರ್ಕಾರದಲ್ಲಿ ವ್ಯಾಪಾರದ ಉಪಮಂತ್ರಿ. ಅವ್ವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಬಣ್ಣ ಹತ್ತುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಒಂದು ಬುಗುರಿ ಮುಗಿಯಿತು. ಅದನ್ನು ಅವರ ಅಂಗೈಗೆ ಇಟ್ಟ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿಯೇಬಿಟ್ಟಳು.

“ನಿಮ್ಮೂರಿಂದ ಒಬ್ಳು ಬಂದಿದ್ಲು, ನಮ್ಮನೇಲೇ ಇದ್ಲು. ಬದುಕವ್ಳಾ?”

ಅಧಿಕಾರಿಯ ಮುಖ ಬಾಡಿತು. ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ದುಭಾಷಿ ಅದನ್ನು ಬಂದವರ ಭಾಷೆಗೆ ತಿರುಗಿಸಿದ. ಉಪಮಂತ್ರಿ ನಕ್ಕು ತಲೆಯಾಡಿಸಿದರು. ಅವ್ವ ನನ್ನ ಕಡೆ ತಿರುಗಿದಳು.

“ಬದುಕವ್ಳಾ ಅಂತ ಕೇಳುದ್ರೆ ನಗ್ತಾಳಲ್ಲೇ ಈಯಮ್ಮ? ಏನಂತ ಯೋಳುದ್ರು ಇವ್ರು?”

‘ಈ ತಾಯಿ ನಮ್ಮ ಹಳೆಯ ಸಹಕಾರವನ್ನು ಪ್ರೀತಿಯಿಂದ ನೆನೆಯುತ್ತಾರೆ’ ಎಂದಷ್ಟೇ ಅಧಿಕಾರಿ ಹೇಳಿದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಆದರೆ ಅವ್ವನ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ನನಗೆ ಬರುವ ಮೇಷ್ಟ್ರ ಇಂಗ್ಲಿಷಿನಲ್ಲಿ, ಮಹಡಿ ಕೋಣೆಯಿಂದ ಹಿಡಿದು ಬಿಳಿ ಕಾರಿನವರೆಗೆ ನಾನೇ ಹೇಳಿದೆ. ಉಪಮಂತ್ರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅವರ ನಗು ನಿಂತಿತು. ಮೇಡಂ ಹೆಸರು ಕೇಳಿಕೊಂಡರು. ಲೇತ್ ಮುಂದೆ ಕೂತ ಅವ್ವನ ಫೋಟೋವನ್ನು ತಮ್ಮ ಫೋನಿನಲ್ಲೇ ತೆಗೆದುಕೊಂಡರು. “ವಿಚಾರಿಸುತ್ತೇನೆ” ಎಂದರು. ಅಧಿಕಾರಿ ಗಡಿಯಾರ ನೋಡಿದರು. ಕಾರುಗಳು ಸಾಲಾಗಿ ಹೊರಟುಹೋದವು.

“ವಿಚಾರ್ಸ್ತಾಳಾ?” ಎಂದಳು ಅವ್ವ.

“ದೊಡ್ಡೋರು ಹಾಗೆ ಹೇಳ್ತಾರೆ ಅವ್ವ,” ಎಂದೆ. ಅವಳು ಆಸೆ ಇಟ್ಟುಕೊಂಡು ನೋಯಬಾರದೆಂದು.

ಕೆಲವು ತಿಂಗಳ ಮೇಲೆ ನಮ್ಮ ಕಡೆಯ ನಿಯೋಗ ಅವರಲ್ಲಿಗೆ ಹೊರಟಿತು. ಅಲ್ಲಿ ವಸ್ತುಪ್ರದರ್ಶನದಲ್ಲಿ ಲೇತ್ ಕೆಲಸ ತೋರಿಸಲು ಅವ್ವನನ್ನೇ ಕಳಿಸಬೇಕೆಂದು ಅವರ ಕಡೆಯಿಂದ ಕೋರಿಕೆ ಬಂದಿತ್ತು. ಮೈಸೂರು, ಧರ್ಮಸ್ಥಳ ಬಿಟ್ಟು ದೂರದೂರು ಕಾಣದ ಅವ್ವ ವಿಮಾನ ಹತ್ತಿದಳು, ಜೊತೆಗೆ ನಾನು. ಮಗುವಿನಂತೆ ಅವಳಿಗೆ ಉಣ್ಣೆಯ ಟೋಪಿ ತೊಡಿಸಿದೆ. ಕೆಳಗೆ ಮೋಡ ನೋಡಿ, “ರೇಷ್ಮೆ ಗೂಡು ಹರವಿದಂಗೈತೆ,” ಎಂದಳು. ದಾರಿಯುದ್ದಕ್ಕೂ ಅವಳು ಆಡಿದ ಮಾತು ಅದೊಂದೇ.

ದೊಡ್ಡ ಗಾಜಿನ ಸಭಾಂಗಣ. ಒಂದು ಕಡೆ ಮಂತ್ರಿಗಳು ಸಹಿ ಹಾಕುವ ಮೇಜು, ಬಾವುಟಗಳು. ಇನ್ನೊಂದು ಕಡೆ ನಮ್ಮ ಲೇತ್. ಎರಡನೆಯ ದಿನ ಬೆಳಿಗ್ಗೆ ಅವ್ವ ಒಂದು ಮರದ ಡಬ್ಬಿಗೆ ಹಳದಿ ಅರಗು ಹಚ್ಚುತ್ತಿದ್ದಾಗ ಕೋಲು ಹಿಡಿದ ಬಿಳಿಗೂದಲಿನ ಹೆಂಗಸೊಬ್ಬರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ನನಗೆ ಗುರುತು ಹತ್ತಲಿಲ್ಲ. ಅವರು ಲೇತಿನ ಸದ್ದಿಗಿಂತ ಜೋರಾಗಿ ಕೂಗಿದರು.

“ಉಂಡ್ಯಾ ಅಕ್ಕ?”

ಸುತ್ತ ಇದ್ದ ನಮ್ಮ ದೇಶದವರೆಲ್ಲ ಬೆಚ್ಚಿ ತಿರುಗಿ ನೋಡಿದರು. ಅವ್ವ ಮಾತ್ರ ನೋಡಲಿಲ್ಲ. ಕೈಯೂ ನಿಲ್ಲಲಿಲ್ಲ. ಡಬ್ಬಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು:

“ಯೋಳ್ದೆ ಹೋದ್ಯಲ್ಲಮ್ಮಿ.”

ಮೇಡಂ ಕೋಲು ಊರಿಕೊಂಡು ಕಷ್ಟಪಟ್ಟು ನೆಲದ ಮೇಲೆ, ಮರದ ಹೊಟ್ಟಿನ ಪಕ್ಕದಲ್ಲೇ ಕೂತರು. ಕನ್ನಡ ತಡವರಿಸುತ್ತಿತ್ತು, ಆದರೆ ಒಂದೊಂದು ಮಾತೂ ಅವ್ವನದೇ.

“ನಾನು ಹೋಗ್ನಿಲ್ಲ ಅಕ್ಕ. ಕರ್ಕೊಂಡು ಹೋದ್ರು. ಕಾರು ರಾಮನಗರಕ್ಕೆ ಬಂತು. ಅಲ್ಲಿ ಮಾಗಡಿ ರೋಡು ಐತಲ್ಲ? ಆ ಕಡೀಕೆ ಕೈ ತೋರ್ಸಿ, ಸೋಲೂರ್ಗೆ ತಿರುಗ್ಸಿ ಅಂದೆ. ಅಕ್ಕಂಗೆ ಯೋಳಿ ಬತ್ತೀನಿ ಅಂದೆ. ಹತ್ನಿಮಿಷದ ದಾರಿ ಅಂತ ಸುಳ್ಳು ಯೋಳ್ದೆ. ತಿರುಗಿಸ್ನಿಲ್ಲ. ನಾನು ಅತ್ತೆ. ಡ್ರೈವರೂ ಅತ್ತ.”

ಅವ್ವನ ಕೈ ನಿಂತಿತು. ನಾನು ಓಡಿಹೋಗಿ ಲೇತ್ ಆಫ್ ಮಾಡಿದೆ. ಆಗ ಅವ್ವ ಮೊದಲ ಸಲ ಅವರ ಮುಖ ನೋಡಿದಳು.

“ರಾಮ್ನಗ್ರದಿಂದ ಸೋಲೂರು ಹತ್ನಿಮಿಷವಾ?” ಎಂದಳು. “ಮಾಗಡಿ ದಾಟ್ಬೇಕು ಕಣೇ ತಾಯಿ, ಅಷ್ಟು ದೂರ ಐತೆ!”

ಹೇಳುತ್ತಾ ಹೇಳುತ್ತಾ ನಗತೊಡಗಿದಳು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅಪ್ಪ ಸತ್ತಾಗಲೂ ಅವಳು ಹಾಗೆ ಜನರ ಮುಂದೆ ಅತ್ತಿರಲಿಲ್ಲ. ಮೇಡಂ ಅವಳ ಟೋಪಿ ಸರಿಮಾಡಿದರು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಉಗುರಿನ ಸಂದಿಯ ಅರಗು, ಸುಟ್ಟ ಕಲೆ, ಗಂಟಾದ ಬೆರಳು.

ವಾಪಸು ಹೋದ ಮೇಲೆ ಮೇಡಂ ಒಂದು ಶಾಲೆಯಲ್ಲಿ ಮರಗೆಲಸ ಕಲಿಸಿದ್ದರಂತೆ. ಬರೆದ ಕಾಗದಗಳು ನಮಗೆ ತಲುಪಿರಲಿಲ್ಲ. ವೀಸಾಕ್ಕೆ ಮತ್ತೆ ಮತ್ತೆ ಪ್ರಯತ್ನಿಸಿದ್ದರು, ಸಿಕ್ಕಿರಲಿಲ್ಲ. ಮುಂದೆ ದಾರಿ ತೆರೆಯುವ ಹೊತ್ತಿಗೆ ಕಾಲು ಕೈಕೊಟ್ಟಿತ್ತು. ಉಪಮಂತ್ರಿಯ ಕಚೇರಿಯವರು ಅವ್ವನ ಫೋಟೋ ಹಿಡಿದು ಮನೆಗೆ ಬಂದಾಗ, ಏನೋ ತನಿಖೆ ಇರಬೇಕೆಂದು ಮೊದಲು ಹೆದರಿದರಂತೆ.

ಮಂತ್ರಿಗಳ ಸಹಿ ಮುಗಿದು ಚಪ್ಪಾಳೆ ಕೇಳಿಸಿತು. ಉಪಮಂತ್ರಿ ನಮ್ಮ ಕಡೆ ಬಂದರು. ಹಿಂದೆ ಕ್ಯಾಮೆರಾದವರ ಗುಂಪು. ಇವರಿಬ್ಬರನ್ನು ನೋಡಿ ಅವರು ಅಲ್ಲೇ ನಿಂತರು. ಕ್ಯಾಮೆರಾದವರಿಗೆ ಕೈಯಿಂದಲೇ ಬೇಡವೆಂದು ಹೇಳಿ ಬೇರೆ ಮಳಿಗೆಯ ಕಡೆ ಹೊರಟರು. ಆ ಉಪಕಾರವನ್ನು ನಾನು ಮರೆತಿಲ್ಲ.

ಒಪ್ಪಂದದ ಫಲ ನಮ್ಮ ಬೀದಿಗೆ ಮೆಲ್ಲಗೆ ಬರುತ್ತಿದೆ. ಒಮ್ಮೆ ಆರ್ಡರ್ ಬರುತ್ತದೆ, ಒಮ್ಮೆ ಬಣ್ಣದ ಪರೀಕ್ಷೆಯಾಗಬೇಕೆಂದು ತಡವಾಗುತ್ತದೆ. ಎದುರು ಮನೆಯಲ್ಲಿ ಸಾಬರ ಮಗ ಪರದೆ ಉಂಗುರದ ಜೊತೆಗೆ ಬಾತುಕೋಳಿಯನ್ನೂ ಮಾಡುತ್ತಾನೆ. ಮಹಡಿ ಕೋಣೆಯಲ್ಲಿ ಈಗ ಆಸ್ಪತ್ರೆಯ ನರ್ಸ್ ಹುಡುಗಿಯರಿದ್ದಾರೆ.

ಭಾನುವಾರಗಳಲ್ಲಿ ನಾನು ಮಗಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋಗುತ್ತೇನೆ. ಮೊಬೈಲಿನಲ್ಲಿ ಮೇಡಂ ಬರುತ್ತಾರೆ. ಅವರ ಕನ್ನಡ ನಮ್ಮ ಬೀದಿಯ ಆಗಿನ ಕಾಲದ ಕನ್ನಡ. ಇಲ್ಲಿ ನಾವೆಲ್ಲ ಬದಲಾಗಿದ್ದೇವೆ. ನಾನೇ ಮನೆಯಲ್ಲೂ ಟೀಚರ್ ಹಾಗೆ ಮಾತಾಡುತ್ತೇನೆ, ಮಗಳ ಮಾತಿನಲ್ಲಿ ಅರ್ಧ ಇಂಗ್ಲಿಷು. ಅಪ್ಪ ಆಡುತ್ತಿದ್ದ, ಅಕ್ಕಪಕ್ಕದ ಅಜ್ಜಿಯರು ಆಡುತ್ತಿದ್ದ ಮಾತುಗಳು ಆ ಹಿಮದ ಊರಿನ ಕಿಟಕಿಯ ಪಕ್ಕ ಕೂತ ಮುದುಕಿಯ ಬಾಯಲ್ಲಿ ಹಾಗೇ ಇವೆ. ಕೇಳುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹೋದ ವಾರ ಮೇಡಂ, “ಇಲ್ಲಿ ಈಗ್ಲೇ ಬೈಗಾಯ್ತು ಅಕ್ಕ, ದೀಪ ಹಚ್ಚಬೇಕು,” ಎಂದರು.

“ಬೈಗು ಅಂದ್ರೆ ಏನಜ್ಜಿ?” ಎಂದು ಕೇಳಿದಳು ನನ್ನ ಮಗಳು.

“ಸಂಜೆ ಕಣವ್ವ,” ಎಂದ ಅವ್ವ, ಅವಳಿಗೂ ಕಾಣಲೆಂದು ಫೋನನ್ನು ಒಸಿ ಆ ಕಡೆ ತಿರುಗಿಸಿದಳು. ಕಿಟಕಿಯಾಚೆ ಹಿಮ ಬೀಳುತ್ತಿತ್ತು.