ಆಪಾ ಸಿಕ್ಕಿಕೊಂಡ ಕ್ಯಾಲೆಂಡರ್

ಮೊನ್ನೆ ಔಷಧದ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಕಂದು ಔಷಧದ ಬಾಟಲಿಯೊಂದು ಕೈಜಾರಿ ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಜಲನಗರದ ಆ ಬಾಡಿಗೆ ಮನೆ ನೆನಪಾಯಿತು... ಮಂಚದ ಮೇಲೆ ಕಾಲು ಚಾಚಿ ಕೂತ ಆಪಾ.

ನಮ್ಮ ಗೋಡೆಯಾಚೆಗಿನ ಮನೆ ಅವರದು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ತಿಕೋಟಾ ಕಡೆಯವರು, ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾಗಿದ್ದರು. ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮೊಬೈಲು ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುತ್ತಿತ್ತು. ಗ್ಯಾಸು, ಕರೆಂಟು ಬಿಲ್ಲು ಎಲ್ಲ ಅದರಲ್ಲೇ. ಯಾರ ಹಂಗೂ ಅವರಿಗೆ ಬೇಡವಾಗಿತ್ತು. ಸಕ್ಕರೆ ಕಾಯಿಲೆಯೊಂದು ಮಾತ್ರ ಬೆನ್ನು ಬಿಟ್ಟಿರಲಿಲ್ಲ.

ನಾನು ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಆ ವರ್ಷ ಒಂದು ಖಾಸಗಿ ದವಾಖಾನೆಗೆ ಮಾಡಿಕೊಟ್ಟಿದ್ದೆ. ವಾರಕ್ಕೊಮ್ಮೆ ಬರುವ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಅದರಲ್ಲೇ ಪಾಳಿ ಹಚ್ಚಬೇಕು, ಅಂದರೆ ಮೊದಲೇ ತಾರೀಖು ಗೊತ್ತುಮಾಡಿಕೊಳ್ಳಬೇಕು. ಫೋನಿನಲ್ಲಿ ಪಾಳಿ ಹಚ್ಚುವುದನ್ನು ದವಾಖಾನೆಯವರು ನಿಲ್ಲಿಸಿಬಿಟ್ಟರು. ತಾರೀಖು ಆರಿಸಲು ನಾನೊಂದು ಚೆಂದದ ಕ್ಯಾಲೆಂಡರ್ ಇಟ್ಟಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಅಕ್ಕನ ಬಾಣಂತನಕ್ಕೆಂದು ಕಾಖಂಡಕಿಗೆ ಹೋಗಿ ಹದಿನೈದು ದಿನ ಬಿಟ್ಟು ಮರಳಿದೆ. ಆ ಮಧ್ಯಾಹ್ನ ಆಪಾ ಅವರ ಮೊಬೈಲಿನ ದನಿ ಕೇಳಿಸುತ್ತಿತ್ತು. ಬಟನ್... ಬಟನ್... ಬಟನ್... ಕೊಂಚ ಸುಮ್ಮನಾಗಿ ಮತ್ತೆ ಮೊದಲಿನಿಂದ. ಹೋಗಿ ನೋಡಿದರೆ ಆಪಾ ಬೆವೆತುಹೋಗಿದ್ದರು. ಕಾಲ್ಬೆರಳಿನಲ್ಲೊಂದು ಗಾಯವಾಗಿ ಕಪ್ಪಾಗಿತ್ತು. ಪರದೆಯ ಮೇಲೆ ನನ್ನದೇ ಕ್ಯಾಲೆಂಡರ್.

“ಎರಡು ವಾರದಿಂದ ಇದರಾಗ ಸಿಕ್ಕೊಂಡೀನಿ ನೋಡು ತಂಗಿ,” ಎಂದರು. “ಯಾವ ತಾರೀಖು ಅಂತ ಹೇಳೂದಿಲ್ಲ, ಹೊರಗ ಬರಾಕೂ ಬಿಡೂದಿಲ್ಲ. ಅಷ್ಟರಾಗ ಟೈಮ್ ಮುಗೀತು ಅಂತೈತಿ.”

ಆಟೊ ಮಾಡಿಕೊಂಡು ದವಾಖಾನೆಗೂ ಹೋಗಿದ್ದರಂತೆ. ಆನ್‌ಲೈನಿನಲ್ಲಿ ಪಾಳಿ ಹಚ್ಚಿ ಬರ್ರಿ ಎಂದು ಕೌಂಟರಿನವರು ತಿರುಗಿ ಕಳಿಸಿದ್ದರಂತೆ.

ನನ್ನ ಮೊಬೈಲಿನಲ್ಲಿ ಅರೆ ನಿಮಿಷಕ್ಕೆ ಪಾಳಿ ಹಚ್ಚಿದೆ. ಇದನ್ನು ಮಾಡಿದವಳು ನಾನೇ ಎನ್ನಲು ಬಾಯಿ ಬರಲಿಲ್ಲ.

ಕಾಲಿನ ಎರಡು ಬೆರಳು ತೆಗೆದರು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಆಮೇಲೆ ದಿನಾಲೂ ಆ ಕಂದು ಔಷಧ ಹಚ್ಚಿ ಗಾಯದ ಪಟ್ಟಿ ಬದಲಿಸಲು ಹೋಗುತ್ತಿದ್ದೆ. ನಿನಗ ಒಳ್ಳೇದಾಗಲಿ ಎಂದು ಅವರು ತಲೆ ಸವರಿದಾಗ ಎದ್ದು ಓಡಬೇಕೆನಿಸುತ್ತಿತ್ತು. ಓಡುವಂತಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಒಂದು ದಿನ ನನ್ನ ಮೊಬೈಲೂ ಓದಿ ಹೇಳುವಂತೆ ಮಾಡಿಕೊಂಡು, ಕಣ್ಣು ಮುಚ್ಚಿ ನನ್ನ ಸೈಟಿನೊಳಗೆ ಹೋದೆ. ಕ್ಯಾಲೆಂಡರ್ ತೆರೆಯಿತು. ಎಷ್ಟು ಬೆರಳಾಡಿಸಿದರೂ ಅದೇ ಬಟನ್, ಅದೇ ಬಟನ್. ಕೊನೆಗೆ ಕಣ್ಣು ತೆರೆದುಬಿಟ್ಟೆ. ಆಪಾಗೆ ಆ ದಾರಿ ಇರಲಿಲ್ಲ.

ದವಾಖಾನೆಯ ಮ್ಯಾನೇಜರನ್ನು ಕೇಳಿದರೆ, ಒಬ್ಬರ ಸಲುವಾಗಿ ಯಾಕೆ ಬದಲಿಸಬೇಕು ಎಂದರು. ಮತ್ತೆ ಕೇಳಲು ಹೋಗದೆ ನಾನೇ ಕ್ಯಾಲೆಂಡರ್ ತೆಗೆದುಹಾಕಿದೆ. ದಿನ, ತಿಂಗಳು, ವರ್ಷ ಎಂದು ಹೆಸರು ಹೇಳುವ ಮೂರು ಖಾನೆ ಇಟ್ಟೆ, ಸಮಯದ ಗಡುವು ತೆಗೆದೆ. ಆಪಾ ಬಳಿ ಹೋಗಿ ಎಲ್ಲ ಹೇಳಿಕೊಂಡೆ.

ಅವರು ಮೊಬೈಲನ್ನು ಪಕ್ಕಕ್ಕಿಟ್ಟರು. ಕೈ ಮಂಚದ ಅಂಚನ್ನು ಸವರುತ್ತಿತ್ತು.

“ಇದನ್ನ ಮಾಡೂ ಮುಂದ ನಾ ಇಲ್ಲೇ ಗ್ವಾಡಿ ಆಚೀಗೆ ಇದ್ನಲ್ಲ,” ಎಂದರು. “ಒಂದು ಸಲಾರೆ ನನ್ನ ಕರೀಬೇಕಿತ್ತು ತಂಗಿ.”

ಆಮೇಲೆ ಮೊಬೈಲು ಕೈಗೆತ್ತಿಕೊಂಡು ತಾವೇ ಮುಂದಿನ ವಾರದ ಪಾಳಿ ಹಚ್ಚಿದರು. ಈಗ ತಾರೀಖು ಹೇಳುತ್ತದೆ ಎಂದಷ್ಟೇ ಹೇಳಿದರು.

ಮರುವರ್ಷ ಆಪಾ ಅವರ ಅಣ್ಣನ ಮಗ ಅವರನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದ. ತೀರಿಕೊಂಡರೆಂಬ ಸುದ್ದಿ ನನ್ನನ್ನು ಮುಟ್ಟಿದ್ದು ಮಣ್ಣಾಗಿ ವಾರ ಕಳೆದ ಮೇಲೆ...

ಈಗ ಯಾವ ಸೈಟನ್ನೂ ಕಣ್ಣು ಕಾಣದ ಇಬ್ಬರು ಬಳಸಿ ನೋಡದ ಹೊರತು ನಾನು ಒಪ್ಪಿಸುವುದಿಲ್ಲ. ಅವರು ತಪ್ಪು ತೋರಿಸುತ್ತಾರೆ, ತಿದ್ದುತ್ತೇನೆ. ಆಪಾ ನನ್ನನ್ನು ಕ್ಷಮಿಸಿದ್ದರೇ ಎಂದು ಕೇಳುವ ಧೈರ್ಯ ಆಗ ಬರಲಿಲ್ಲ. ಇವತ್ತು ಕೇಳಬಲ್ಲೆ, ಉತ್ತರಿಸಲು ಅವರಿಲ್ಲ.