ಮೂರು ಸಲ ಜಗ್ಗಿದ ಬೀಗ

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಗುತ್ತಿದ್ದವನು ನಾನು. ಗ್ಯಾಸ್ ಸೋರೀತು, ಬಸ್ ತಪ್ಪೀತು, ಬಿ.ಪಿ. ಏರೀತು ಎಂದು ಹೆದರುವುದಕ್ಕೇ ನನಗೆ ದಿನ ಸಾಲುತ್ತಿರಲಿಲ್ಲ, ದೆವ್ವಕ್ಕೆಲ್ಲಿ ಪುರುಸೊತ್ತು?

ಹರಿಹರದ ಕೆಲಸ ಮುಗಿಸಿ ಸಂಜೆ ಸರಸ್ವತಿ ನಗರದ ಮನೆಗೆ ಬಂದರೆ, ಗೇಟಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿಯೇ ಒಳಗೆ ಹೋಗುವುದು ನನ್ನ ಚಾಳಿ. ಹತ್ತು ವರ್ಷದ ಮಗಳು ಸಿಂಚನ ಕಿಟಕಿಯಿಂದಲೇ, "ಸಾಕು ಬಾರಪ್ಪ, ಬೀಗಕ್ಕೆ ಮೈ ನೋಯ್ತೈತೆ" ಎಂದು ಆಡಿಕೊಳ್ಳುತ್ತಿದ್ದಳು.

ಕೊರೊನಾ ಅವಳಿಗೆ ಬರೀ ನೆಗಡಿಯಂತೆ ಬಂದು ಹೋಯಿತು. ತಿಂಗಳ ಮೇಲೆ ಜ್ವರ ಏರಿತು, ಕಣ್ಣು ಕೆಂಪಾದವು, ಮೈಮೇಲೆ ದದ್ದು ಎದ್ದವು. ವೈರಸ್ ಹೋದರೂ ಅದರ ಮೇಲೆ ಎದ್ದ ಮೈಯ ಸಿಟ್ಟು ಇಳಿದಿಲ್ಲ, ಒಳಗೆಲ್ಲ ಉರಿಯೂತ, ಮಿದುಳಿಗೂ ತಾಗಿದೆ ಎಂದರು ಡಾಕ್ಟರು. ಹನ್ನೆರಡು ದಿನ ಆಸ್ಪತ್ರೆ. ಜ್ವರ ಬಿಟ್ಟು ಮನೆಗೆ ಬಂದಳು. ತಾಯಿಯ ಗುರುತು ಸಿಕ್ಕಿತು, ನನ್ನದು ಸಿಗಲಿಲ್ಲ.

"ಅಂಕಲ್, ನಮ್ಮಪ್ಪ ಹರಿಹರದಿಂದ ಇನ್ನೂ ಬಂದಿಲ್ಲ" ಎಂದಳು.

ಔಷಧಿ ಹಿಡಿಯಲು ದಿನ ಬೇಕು, ಕಾಯಿರಿ ಎಂದಿದ್ದರು. ಕಾಯುವುದು ನನಗೆ ಬಾರದು. ಹೊರಗೆ ಹೋಗಿ, ಅವಳಿಗೆ ಕೇಳುವಂತೆ ಬೀಗವನ್ನು ಮೂರು ಸಲ ಜಗ್ಗಿ ಬಂದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ, "ಚೆನ್ನಾಗಿ ಕಲ್ತ್ಕಂಡಿದೀರಿ" ಎಂದಳು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಬರುವಾಗ ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ನೋಡಲಿಲ್ಲ. ನನ್ನ ಜೀವಮಾನದಲ್ಲಿ ಅದೇ ಮೊದಲು.

ಮರುದಿನ, ದೀಪ ಹಚ್ಚುವ ಹೊತ್ತು. ಗೇಟಿಗೆ ಬೀಗ ಹಾಕಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ಅವಳ ಮಂಚದ ಪಕ್ಕ ಕೂತಿದ್ದೆ. ಬೀಗ ಜಗ್ಗಿದ ಸದ್ದು ಕೇಳಿತು. ಒಂದು, ಎರಡು, ಸ್ವಲ್ಪ ತಡೆದು ಮೂರು. ಹಾಗೆ ತಡೆಯುವವನು ನಾನೊಬ್ಬನೇ.

ಅಡುಗೆಮನೆಯಿಂದ ಹೆಂಡತಿ ಗಿರಿಜ, "ಏನ್ರಿ, ಯಾವಾಗ ಹೊರಗ್ ಹೋದ್ರಿ?" ಎಂದು ಕೇಳಿದಳು.

ಸಿಂಚನ ಬಾಗಿಲ ಕಡೆ ನೋಡಿ ನಕ್ಕಳು. "ಅಪ್ಪ ಬಂದ" ಎಂದು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಹೋದಳು. ಎದ್ದು ಹೋಗಿ ನೋಡಿದೆ. ಬೀದಿಯಲ್ಲಿ ಯಾರೂ ಇಲ್ಲ. ಬೀಗ ಇನ್ನೂ ತೂಗಾಡುತ್ತಿತ್ತು.

ಬೆಳಿಗ್ಗೆ ನನ್ನನ್ನು ಅಪ್ಪ ಎಂದಳು. ಔಷಧಿ ಹಿಡಿಯಿತು ಎಂದರು ಡಾಕ್ಟರು. ಬೀಗದ ವಿಷಯ ಅವರಿಗೆ ಹೇಳಲಿಲ್ಲ. ನನ್ನನ್ನೂ ಅಡ್ಮಿಟ್ ಮಾಡಿಕೊಂಡಾರು ಎಂಬ ಭಯ.

ಈಗ ಅವಳು ಹೈಸ್ಕೂಲು. ಬೀಗದ ತಮಾಷೆ ಮಾತ್ರ ಮತ್ತೆಂದೂ ಮಾಡಲಿಲ್ಲ. ಸಂಜೆ ನಾನು ಒಳಗೆ ಬಂದರೆ "ಬಂದ್ಯೇನಪ್ಪ" ಅನ್ನುತ್ತಾಳೆ. ಹಾಗೆಂದವಳೇ, ಇನ್ನೂ ಯಾರೋ ಬರುವುದಿದೆ ಎಂಬಂತೆ ನನ್ನ ಹಿಂದೆ ಗೇಟಿನ ಕಡೆ ನೋಡುತ್ತಾಳೆ. ಒಂದು ಬೀಗವನ್ನು ಮೂರು ಸಲ ಜಗ್ಗಿ ನೋಡುವ ನಾನು, ಆಗ ಒಮ್ಮೆಯೂ ಹಿಂದೆ ತಿರುಗಿ ನೋಡಿಲ್ಲ.